ಎಸ್ತಾನ ಮೇಲಿನ ಸಿಟ್ಟು

ಏಳು ವರ್ಷದ ಒಬ್ಬ ಹುಡುಗನ ಮೇಲೆ ನನಗೆ ಸಿಟ್ಟಿದೆ. ಅವನು ಕಾದಂಬರಿಯ ಹುಡುಗ. ಆದರೂ ಸಿಟ್ಟು ನಿಜ. ಅರುಂಧತಿ ರಾಯ್ ಅವರ 'ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್' ಓದಿದವರಿಗೆ ಯಾರ ವಿಷಯ ಅಂತ ಗೊತ್ತಾಗಿರುತ್ತೆ. ಕೊಟ್ಟಾಯಂ ಪೊಲೀಸ್ ಠಾಣೆಯಲ್ಲಿ, ನೆಲದ ಮೇಲೆ ಬಿದ್ದಿದ್ದ ಮನುಷ್ಯನ ಮುಂದೆ ನಿಂತು, ಇನ್‌ಸ್ಪೆಕ್ಟರ್ ಕೇಳಿದ ಪ್ರಶ್ನೆಗೆ 'ಹೌದು' ಅಂದುಬಿಟ್ಟ ಎಸ್ತಾ.

'ಪಾಪ, ಮಗು ಕಣ್ರೀ, ಅದಕ್ಕೇನು ಗೊತ್ತಾಗುತ್ತೆ' ಅಂತ ಹೇಳಿ ಈ ಸಿಟ್ಟನ್ನು ಅಲ್ಲಿಗೇ ಮುಗಿಸಿಬಿಡಬಹುದು. ಈ ಪುಸ್ತಕದ ಮಾತು ಬಂದಾಗ ಯಾರಾದರೊಬ್ಬರು ಹಾಗೆ ಹೇಳಿಯೇ ಹೇಳುತ್ತಾರೆ. ನನಗೆ ಆ ಮಾತು ಸಾಲುವುದಿಲ್ಲ. ಅವನಿಗೆ ಗೊತ್ತಿತ್ತು. ಬಿದ್ದಿದ್ದವನು ವೆಳುತ್ತ ಅಂತ ಗೊತ್ತಿತ್ತು. ವೆಳುತ್ತ ತಮ್ಮನ್ನು ಕದ್ದುಕೊಂಡು ಹೋಗಿರಲಿಲ್ಲ ಅಂತಲೂ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದ. ಆದರೂ ಇಡೀ ಪುಸ್ತಕದಲ್ಲಿ ಅವನಷ್ಟು ನಿಷ್ಪಾಪಿ ಇನ್ನೊಬ್ಬರು ಸಿಗುವುದಿಲ್ಲ. ಈ ಎರಡು ಮಾತೂ ಹೇಗೆ ಒಟ್ಟಿಗೆ ನಿಜ ಅನ್ನುವುದು ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ.

ಓದದವರಿಗಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. 1969ರ ಡಿಸೆಂಬರ್. ಕೊಟ್ಟಾಯಂ ಹತ್ತಿರದ ಅಯ್ಮನಂ ಅನ್ನುವ ಊರು, ಪಕ್ಕದಲ್ಲಿ ಮೀನಚ್ಚಿಲ್ ಹೊಳೆ. ಉಪ್ಪಿನಕಾಯಿ ಕಾರ್ಖಾನೆ ಇಟ್ಟುಕೊಂಡಿರುವ ಸಿರಿಯನ್ ಕ್ರಿಶ್ಚಿಯನ್ ಮನೆ. ಗಂಡನನ್ನು ಬಿಟ್ಟು ತವರಿಗೆ ಬಂದಿರುವ ಅಮ್ಮು, ಅವಳ ಅವಳಿ ಮಕ್ಕಳು ಎಸ್ತಾ ಮತ್ತು ರಾಹೇಲ್. ಕಾರ್ಖಾನೆಯ ಮೆಷಿನ್ ರಿಪೇರಿಯಿಂದ ಹಿಡಿದು ಮರಗೆಲಸದ ತನಕ ಎಲ್ಲ ಬಲ್ಲ ವೆಳುತ್ತ. ಅವನು ಪರವನ್ ಜಾತಿಯವನು. ಆ ಮನೆಯವರ ಲೆಕ್ಕದಲ್ಲಿ ಮುಟ್ಟಬಾರದವನು. ಅಮ್ಮುಗೂ ಅವನಿಗೂ ಪ್ರೀತಿಯಾಗುತ್ತೆ. ಅದನ್ನು ಮನೆಯ ಯಜಮಾನಿ ಮಮ್ಮಾಚಿಗೆ ಬಂದು ಹೇಳುವವನು ವೆಳುತ್ತನ ಅಪ್ಪನೇ. ಮಗನನ್ನು ನನ್ನ ಕೈಯಾರೆ ಕೊಂದುಬಿಡುತ್ತೇನೆ ಅನ್ನುತ್ತಾನೆ. ಅವನ ಒಂದು ಕಣ್ಣು ಗಾಜಿನದು. ಅದಕ್ಕೆ ದುಡ್ಡು ಕೊಟ್ಟವಳು ಮಮ್ಮಾಚಿ. ಆ ಋಣ ಮಗನಿಗಿಂತ ದೊಡ್ಡದಾಗಿ ಕೂತಿದೆ ಅವನ ತಲೆಯಲ್ಲಿ.

ಅಮ್ಮುವನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಬಾಗಿಲ ಹತ್ತಿರ ಬಂದ ಮಕ್ಕಳಿಗೆ ಅವಳು ಒಳಗಿಂದಲೇ ಕಿರುಚುತ್ತಾಳೆ. ನಿಮ್ಮಿಂದಲೇ ನನಗೆ ಈ ಗತಿ, ನನ್ನನ್ನು ಬಿಟ್ಟು ಎಲ್ಲಾದರೂ ಹೋಗಿ ಅನ್ನುವ ಅರ್ಥದ ಮಾತು. ಮಕ್ಕಳು ರಾತ್ರಿ ದೋಣಿ ಹತ್ತುತ್ತಾರೆ. ಇಂಗ್ಲೆಂಡಿನಿಂದ ಬಂದಿದ್ದ ಸೋದರಮಾವನ ಮಗಳು ಸೋಫಿ ಮೋಳ್ ತಾನೂ ಬರುತ್ತೇನೆ ಅಂತ ಜೊತೆಗೆ ಹೊರಡುತ್ತಾಳೆ. ದೋಣಿ ಮಗುಚುತ್ತೆ. ಸೋಫಿ ನೀರುಪಾಲಾಗುತ್ತಾಳೆ. ಅತ್ತ ಮಕ್ಕಳ ಅಜ್ಜನ ತಂಗಿ ಬೇಬಿ ಕೊಚ್ಚಮ್ಮ ಠಾಣೆಗೆ ಹೋಗಿ, ವೆಳುತ್ತ ಅಮ್ಮುವಿನ ಮೇಲೆ ಬಲಾತ್ಕಾರಕ್ಕೆ ಬಂದಿದ್ದ ಅಂತ ಸುಳ್ಳು ದೂರು ಕೊಡುತ್ತಾಳೆ.

ಹೊಳೆಯಾಚೆ ಒಂದು ಪಾಳು ಬಂಗಲೆ. ತಪ್ಪಿಸಿಕೊಂಡು ಬಂದ ವೆಳುತ್ತ ಅದರ ಜಗುಲಿಯ ಮೇಲೆ ಮಲಗಿದ್ದಾನೆ. ಅವಳಿ ಮಕ್ಕಳೂ ಅದೇ ಜಗುಲಿಯಲ್ಲಿದ್ದಾರೆ, ಅದು ಅವನಿಗೆ ಗೊತ್ತಿಲ್ಲ. ಬೆಳಗ್ಗೆ ಪೊಲೀಸರು ಬರುತ್ತಾರೆ. ಆಮೇಲೆ ನಡೆಯುವ ಹೊಡೆತವನ್ನು ಇಲ್ಲಿ ವಿವರಿಸುವುದಿಲ್ಲ. ಒಂದೇ ಒಂದನ್ನು ಮಾತ್ರ ಹೇಳಬೇಕು. ಹೊಡೆದು ಸುಸ್ತಾದ ಪೊಲೀಸರಿಗೆ ಅವನ ಉಗುರು ಕಾಣುತ್ತೆ. ಉಗುರಿಗೆ ಕೆಂಪು ಬಣ್ಣ. ಒಬ್ಬ ಆ ಕೈಯನ್ನು ಎತ್ತಿ ಹಿಡಿದು ಹೆಂಗಸಿನಂತೆ ಆಡಿಸಿ ಗೇಲಿ ಮಾಡುತ್ತಾನೆ.

ಆ ಬಣ್ಣ ಹಚ್ಚಿದ್ದು ಮಕ್ಕಳು. ಕೆಲವೇ ದಿನಗಳ ಹಿಂದೆ ಮೂರೂ ಮಕ್ಕಳು ಸೀರೆ ಸುತ್ತಿಕೊಂಡು, ದೊಡ್ಡ ಹೆಂಗಸರ ಹೆಸರಿಟ್ಟುಕೊಂಡು ಅವನ ಗುಡಿಸಲಿಗೆ ನೆಂಟರ ಹಾಗೆ ಹೋಗಿರುತ್ತಾರೆ. ಅವನು ನಗುವುದಿಲ್ಲ. 'ಏನ್ರೋ ಇದು ವೇಷ' ಅನ್ನುವುದಿಲ್ಲ. ನಿಜವಾಗಿಯೂ ಮೂವರು ಹೆಂಗಸರು ಮನೆಗೆ ಬಂದಿದ್ದಾರೆ ಅನ್ನುವ ಹಾಗೆ ಮಾತಾಡಿಸುತ್ತಾನೆ, ಉಪಚಾರ ಮಾಡುತ್ತಾನೆ. ದೊಡ್ಡವಳಾದ ಮೇಲೆ ರಾಹೇಲ್‌ಗೆ ಅದರ ಬೆಲೆ ಗೊತ್ತಾಗುತ್ತೆ. ಮಕ್ಕಳ ಆಟವನ್ನು ಹಾಳು ಮಾಡದೆ ಅದರೊಳಗೇ ಬಂದು ನಿಲ್ಲುವ ದೊಡ್ಡವರು ಎಷ್ಟು ಜನ ಇರುತ್ತಾರೆ ಹೇಳಿ. ಇಂಥವನ ವಿರುದ್ಧ ಎಸ್ತಾ 'ಹೌದು' ಅಂದ. ನನ್ನ ಸಿಟ್ಟಿನ ಬೇರು ಇಲ್ಲಿದೆ. ಯಾರೋ ಗೊತ್ತಿಲ್ಲದವನ ಮೇಲೆ ಮಗು ಬೆರಳು ತೋರಿಸಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಈಗ ಠಾಣೆಯ ಒಳಗೆ ಹೋಗೋಣ. ಇನ್‌ಸ್ಪೆಕ್ಟರ್ ಥಾಮಸ್ ಮ್ಯಾಥ್ಯೂ ದಡ್ಡ ಅಲ್ಲ. ಮಕ್ಕಳನ್ನು ಮಾತಾಡಿಸಿದ ಕೂಡಲೇ ಅವನಿಗೆ ಅರ್ಥವಾಗಿದೆ: ದೂರು ಸುಳ್ಳು, ಹೊಡೆತ ತಿಂದವನು ನಿರಪರಾಧಿ, ಅವನು ಈ ರಾತ್ರಿ ದಾಟುವುದಿಲ್ಲ. ಬೇಬಿ ಕೊಚ್ಚಮ್ಮನಿಗೆ ಅವನು ದಾರಿ ತೋರಿಸುತ್ತಾನೆ. ಒಂದೋ ಅಮ್ಮು ಬಂದು ಬಲಾತ್ಕಾರದ ದೂರು ಕೊಡಬೇಕು. ಇಲ್ಲವೇ ಮಕ್ಕಳು, ಇವನೇ ನಮ್ಮನ್ನು ಅಪಹರಿಸಿದವನು ಅಂತ ಗುರುತಿಸಬೇಕು. ಎರಡೂ ಆಗದಿದ್ದರೆ ಸುಳ್ಳು ದೂರು ಕೊಟ್ಟಿದ್ದಕ್ಕೆ ನಿನ್ನ ಮೇಲೇ ಕೇಸು.

ಅಮ್ಮು ಬರುವುದಿಲ್ಲ ಅಂತ ಬೇಬಿ ಕೊಚ್ಚಮ್ಮನಿಗೆ ಗೊತ್ತು. ಉಳಿದಿದ್ದು ಮಕ್ಕಳು. ಅವಳು ಮಕ್ಕಳ ಜೊತೆ ಮಾತಾಡುವ ಪುಟಗಳನ್ನು ನಾನು ನಿಧಾನವಾಗಿ ಓದಿದ್ದೇನೆ, ಒಂದೊಂದು ವಾಕ್ಯಕ್ಕೂ ನಿಂತು. ಅವಳು ಗದರಿಸುವುದಿಲ್ಲ. ಅಕ್ಕರೆಯ ದನಿಯಲ್ಲೇ ಒಂದೊಂದೇ ಬಾಗಿಲು ಮುಚ್ಚುತ್ತಾಳೆ. ಸೋಫಿಯನ್ನು ಕೊಂದವರು ನೀವೇ ಅನ್ನುತ್ತಾಳೆ. ಅದು ದೇವರಿಗೂ ಗೊತ್ತು ಅನ್ನುತ್ತಾಳೆ. ನಿಮ್ಮಿಂದ ನಿಮ್ಮ ಅಮ್ಮನೂ ಜೈಲಿಗೆ ಹೋಗಬೇಕಾಗುತ್ತೆ ಅನ್ನುತ್ತಾಳೆ. ಜೈಲು ಹೇಗಿರುತ್ತೆ ಅಂತ ವರ್ಣಿಸುತ್ತಾಳೆ. ಮೂವರನ್ನೂ ಬೇರೆ ಬೇರೆ ಕಡೆ ಹಾಕುತ್ತಾರೆ ಅನ್ನುತ್ತಾಳೆ. ಕೊನೆಗೆ ಕೇಳುತ್ತಾಳೆ: ಅಮ್ಮನನ್ನು ಉಳಿಸಿಕೊಳ್ಳುತ್ತೀರೋ, ಜೈಲಿಗೆ ಕಳಿಸುತ್ತೀರೋ?

ಇದು ಪ್ರಶ್ನೆಯೇ ಅಲ್ಲ, ಅಲ್ವಾ? ಏಳು ವರ್ಷದ ಯಾವ ಮಗು ಇದಕ್ಕೆ ಬೇರೆ ಉತ್ತರ ಕೊಟ್ಟೀತು! ಇಬ್ಬರಲ್ಲಿ ಎಸ್ತಾನನ್ನು ಆರಿಸುತ್ತಾರೆ. ಅವನು ಒಳಗೆ ಹೋಗುತ್ತಾನೆ. ಜಜ್ಜಿಹೋದ ಮುಖದಲ್ಲಿ ಒಂದು ಕಣ್ಣು ತೆರೆದು ಅವನನ್ನು ಹುಡುಕಿಕೊಳ್ಳುತ್ತೆ. ಇನ್‌ಸ್ಪೆಕ್ಟರ್ ಕೇಳುತ್ತಾನೆ. ಎಸ್ತಾನ ಬಾಯಿ 'ಹೌದು' ಅನ್ನುತ್ತೆ. ಕಾದಂಬರಿ ಹೀಗೇ ಹೇಳುತ್ತೆ, ಎಸ್ತಾ ಅಂದ ಅಂತ ಅಲ್ಲ, ಅವನ ಬಾಯಿ ಅಂತು ಅಂತ.

ಆ 'ಹೌದು' ನಿಜವಾಗಿ ಏನನ್ನು ನಾಶ ಮಾಡಿತು? ವೆಳುತ್ತನನ್ನು ಕೊಂದಿದ್ದು ಅದಲ್ಲ. ಎಸ್ತಾ ಇಲ್ಲ ಅಂದಿದ್ದರೂ ಅವನು ಆ ರಾತ್ರಿ ಸಾಯುತ್ತಿದ್ದ. ಬೂಟು, ಲಾಠಿ ತಮ್ಮ ಕೆಲಸ ಮುಗಿಸಿಯಾಗಿತ್ತು. ಇದನ್ನು ನೆನೆದು ಸ್ವಲ್ಪ ಹಗುರವಾಗಬೇಕು ಅಂತ ನೋಡಿದರೆ ಇನ್ನೂ ಭಾರವೇ ಆಗುತ್ತೆ. ಯಾಕೆಂದರೆ ಆ ಉತ್ತರ ನಾಶ ಮಾಡಿದ್ದು ವೆಳುತ್ತನಿಗೆ ಉಳಿದಿದ್ದ ಕೊನೆಯದನ್ನು. ಅವನು ಏನೂ ಮಾಡಿಲ್ಲ ಅಂತ ಹೇಳಬಲ್ಲವರು ಈ ಭೂಮಿ ಮೇಲೆ ಇದ್ದದ್ದು ಮೂರೇ ಜನ. ಕೋಣೆಯಲ್ಲಿ ಬೀಗ ಹಾಕಿಸಿಕೊಂಡ ಅಮ್ಮು, ಈ ಇಬ್ಬರು ಮಕ್ಕಳು. ಅಪ್ಪ ಕೈಬಿಟ್ಟಿದ್ದ. ನಂಬಿದ ಕಮ್ಯುನಿಸ್ಟ್ ಪಕ್ಷ ಕೈಬಿಟ್ಟಿತ್ತು. ಊರಿನ ಪಕ್ಷದ ಮುಖಂಡ ಕಾಮ್ರೇಡ್ ಪಿಳ್ಳೈ, ವೆಳುತ್ತನಿಗೆ ಪಕ್ಷದ ಬೆಂಬಲ ಇಲ್ಲ ಅಂತ ಇನ್‌ಸ್ಪೆಕ್ಟರಿಗೆ ಮೊದಲೇ ತಿಳಿಸಿದ್ದ. ಎಸ್ತಾನ ಉತ್ತರದಿಂದ ಕಾಗದದಲ್ಲಿ ವೆಳುತ್ತ ಮಕ್ಕಳ ಕಳ್ಳನಾಗಿ ಉಳಿದ. ಹೊಡೆದವರು ಕರ್ತವ್ಯ ಮಾಡಿದವರಾದರು.

ನನ್ನ ಸಿಟ್ಟು ನಿಧಾನವಾಗಿ ಜಾಗ ಬದಲಾಯಿಸತೊಡಗಿದ್ದು ಇದರ ಮುಂದಿನ ಘಟನೆಯಿಂದ. ಕಾದಂಬರಿಯಲ್ಲಿ ಅದು ಮೊದಲ ಅಧ್ಯಾಯದಲ್ಲೇ ಬಂದುಬಿಡುತ್ತೆ. ಆಗ ನಮಗೆ ಅದರ ತೂಕ ಗೊತ್ತಿರುವುದಿಲ್ಲ. ಸೋಫಿಯನ್ನು ಮಣ್ಣು ಮಾಡಿದ ಮೇಲೆ ಅಮ್ಮು ಮಕ್ಕಳನ್ನು ಕರೆದುಕೊಂಡು ಅದೇ ಠಾಣೆಗೆ ಹೋಗುತ್ತಾಳೆ. ತಪ್ಪಾಗಿದೆ, ನಾನು ಹೇಳಿಕೆ ಕೊಡಬೇಕು ಅನ್ನುತ್ತಾಳೆ. ಇನ್‌ಸ್ಪೆಕ್ಟರ್ ಅವಳ ಎದೆಗೆ ಲಾಠಿಯ ತುದಿ ತಾಗಿಸುತ್ತಾನೆ. ವೇಶ್ಯೆಯರ ಹೇಳಿಕೆಯನ್ನು ಪೊಲೀಸರು ತಗೊಳ್ಳುವುದಿಲ್ಲ ಅನ್ನುತ್ತಾನೆ.

ಈ ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅದೇ ಠಾಣೆ, ಅದೇ ಅಧಿಕಾರಿ. ಏಳು ವರ್ಷದ ಮಗುವಿನ ಸುಳ್ಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ, ಸಾಕ್ಷಿಯಾಯಿತು. ಬುದ್ಧಿ ಬಲಿತ ಹೆಂಗಸೊಬ್ಬಳು ತಾನಾಗಿ ನಡೆದು ಬಂದು ಹೇಳಿದ ನಿಜವನ್ನು ಬರೆದುಕೊಳ್ಳಲೇ ಇಲ್ಲ. ಹಾಗಾದರೆ ಎಸ್ತಾನ ಮಾತಿಗೆ ಅಷ್ಟು ಬಲ ಬಂದಿದ್ದು ಅವನಿಂದಲ್ಲ. ಆ ಮಾತು ಕೆಳಜಾತಿಯವನೊಬ್ಬನ ಮೇಲೆ ಬೀಳುತ್ತಿತ್ತು. ಅದಕ್ಕೇ ಅದು ನಡೆಯಿತು.

ನಮ್ಮ ಕಾನೂನು ಇಲ್ಲಿ ವಿಚಿತ್ರವಾಗಿ ಕಾಣುತ್ತೆ. 1860ರ ದಂಡ ಸಂಹಿತೆಯ 82ನೇ ಸೆಕ್ಷನ್ ಪ್ರಕಾರ ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. 83ನೇ ಸೆಕ್ಷನ್ ಪ್ರಕಾರ ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತಾನು ಮಾಡಿದ್ದು ಏನು ಅಂತ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದೂ ಅಪರಾಧವಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದು ಹಾಗೇ ಇದೆ. ಎಸ್ತಾ ಸರಿಯಾಗಿ ಆ ಗೆರೆಯ ಮೇಲೆ ನಿಂತಿದ್ದಾನೆ. ಆದರೆ ಈ ರಿಯಾಯಿತಿ ಆರೋಪಿಗೆ. ಸಾಕ್ಷಿಗೆ ಕನಿಷ್ಠ ವಯಸ್ಸು ಅಂತಲೇ ಇಲ್ಲ. ಕೇಳಿದ ಪ್ರಶ್ನೆ ಅರ್ಥವಾಗಿ, ತಿಳಿಯುವ ಹಾಗೆ ಉತ್ತರ ಕೊಟ್ಟರೆ ಸಾಕು, 1872ರ ಸಾಕ್ಷ್ಯ ಕಾಯ್ದೆ ಮಗುವನ್ನೂ ಒಪ್ಪಿಕೊಳ್ಳುತ್ತಿತ್ತು. ಅದು ಇರಬೇಕಾದದ್ದೇ; ಇಲ್ಲದಿದ್ದರೆ ಎಷ್ಟೋ ಮಕ್ಕಳಿಗೆ ಆದ ಅನ್ಯಾಯ ಹೊರಗೇ ಬರುತ್ತಿರಲಿಲ್ಲ. ಅದಕ್ಕೇ ನ್ಯಾಯಾಲಯಗಳು ಮಗುವಿನ ಸಾಕ್ಷಿ ಅಂದ ಕೂಡಲೇ, ಇದು ಯಾರಾದರೂ ಹೇಳಿಕೊಟ್ಟ ಮಾತೇ ಅಂತ ಎಚ್ಚರದಿಂದ ನೋಡುತ್ತವೆ. ಕೊಟ್ಟಾಯಂ ಠಾಣೆಯಲ್ಲಿ ಅಂಥ ಎಚ್ಚರಕ್ಕೆ ಜಾಗವೇ ಇರಲಿಲ್ಲ. ಹೇಳಿಕೊಟ್ಟವಳು ಪಕ್ಕದಲ್ಲೇ ಇದ್ದಳು, ಹೇಳಿಕೊಡು ಅಂದವನೇ ಪ್ರಶ್ನೆ ಕೇಳಿದ.

ಇದೇ ಎಸ್ತಾನ ಬಳಿ ಅದಕ್ಕೂ ಮೊದಲು ಒಂದು ನಿಜ ಇತ್ತು. ಕೊಚ್ಚಿಯ ಸಿನಿಮಾ ಟಾಕೀಸಿನಲ್ಲಿ, ಇಂಟರ್‌ವಲ್‌ಗೂ ಮುಂಚೆ, ಹೊರಗಿನ ಲಾಬಿಯಲ್ಲಿ ತಂಪು ಪಾನೀಯ ಮಾರುವವನು ಅವನಿಗೆ ಪುಕ್ಕಟೆ ಕುಡಿಯಲು ಕೊಟ್ಟು ಲೈಂಗಿಕವಾಗಿ ಬಳಸಿಕೊಂಡಿರುತ್ತಾನೆ. ಎಸ್ತಾ ಅದನ್ನು ಯಾರಿಗೂ ಹೇಳಿಲ್ಲ. ಹೇಳಲು ಯಾರೂ ಇರಲಿಲ್ಲ. ಆ ಮನುಷ್ಯ ಒಂದು ದಿನ ಅಯ್ಮನಂಗೆ ಬಂದೇ ಬರುತ್ತಾನೆ ಅನ್ನುವ ಹೆದರಿಕೆಯಿಂದಲೇ ಅವನು ದೋಣಿ, ಹೊಳೆಯಾಚೆಯ ಮನೆ ಎಲ್ಲವನ್ನೂ ಸಿದ್ಧ ಮಾಡಿಟ್ಟುಕೊಳ್ಳುವುದು. ಠಾಣೆಯಲ್ಲೂ ಮಕ್ಕಳಿಗೆ ಕುಡಿಯಲು ಕೋಕಾ ಕೋಲಾ ತರಿಸಿಕೊಡುತ್ತಾರೆ. ಓದುವಾಗ ಆ ಬಾಟಲಿ ಬಂದ ಕೂಡಲೇ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ದೊಡ್ಡವರು ಪ್ರೀತಿಯಿಂದ ಕುಡಿಯಲು ಕೊಟ್ಟು, ಹೇಳಿದ ಹಾಗೆ ಮಾಡು ಅನ್ನುವುದನ್ನು ಈ ಮಗು ಆಗಲೇ ಒಮ್ಮೆ ನೋಡಿಯಾಗಿದೆ. ಹೇಳಿದ ಹಾಗೆ ಮಾಡಿಯೂ ಆಗಿದೆ. ಅವನ ಬಗ್ಗೆ ಎಲ್ಲರೂ ಹೇಳುವುದು ಅದನ್ನೇ ತಾನೇ, ಒಳ್ಳೆ ಹುಡುಗ, ಹೇಳಿದ ಮಾತು ಕೇಳುತ್ತಾನೆ ಅಂತ. ಅವನಿಗೆ ಆದ ನಿಜಕ್ಕೆ ಕಿವಿಯೇ ಸಿಗಲಿಲ್ಲ. ಅವನಿಗೆ ಹೇಳಿಕೊಟ್ಟ ಸುಳ್ಳಿಗೆ ಇಡೀ ಠಾಣೆ ಕಾದು ಕೂತಿತ್ತು.

ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯಲು 2012ರಲ್ಲಿ ಬಂದ ಪೋಕ್ಸೋ ಕಾಯ್ದೆ, ಮಗುವಿನ ಹೇಳಿಕೆ ತಗೊಳ್ಳುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳಬಾರದು ಅನ್ನುತ್ತೆ. ಅದನ್ನು ಓದಿದಾಗಲೆಲ್ಲ ಈ ಅವಳಿ ಮಕ್ಕಳೇ ನೆನಪಾಗುತ್ತಾರೆ.

ಇಯಾನ್ ಮೆಕ್‌ಈವನ್ ಅವರ 'ಅಟೋನ್‌ಮೆಂಟ್' ಕೂಡ ಇಂಥದ್ದೇ ಕಥೆ ಅಂತ ಕೆಲವರು ಹೇಳುತ್ತಾರೆ. 13 ವರ್ಷದ ಬ್ರಯೊನಿ, ಮನೆಗೆಲಸದವಳ ಮಗ ರಾಬಿಯ ಮೇಲೆ ಮಾಡದ ಅಪರಾಧ ಹೊರಿಸುತ್ತಾಳೆ. ಅಲ್ಲೂ ಮಗುವಿನ ಮಾತು ಕೆಳಗಿನವನ ಮೇಲೆ ಬಿದ್ದಿದ್ದರಿಂದಲೇ ನಡೆಯುತ್ತೆ. ಆದರೆ ನನಗೆ ಇವರಿಬ್ಬರೂ ಒಂದೇ ಅನ್ನಿಸುವುದಿಲ್ಲ. ಬ್ರಯೊನಿಯನ್ನು ಯಾರೂ ಹೆದರಿಸಿರಲಿಲ್ಲ. ಅವಳ ತಲೆಯಲ್ಲಿ ಒಂದು ಕಥೆ ಇತ್ತು, ಅದಕ್ಕೆ ಖಳ ಬೇಕಿತ್ತು. ಅವಳು ಬೆಳೆದು ಲೇಖಕಿಯಾಗುತ್ತಾಳೆ, ಮಾಡಿದ್ದನ್ನು ಬರೆದು ಬರೆದು ತಿದ್ದಲು ನೋಡುತ್ತಾಳೆ. ಎಸ್ತಾನಿಗೆ ಕಥೆ ಬೇಕಿರಲಿಲ್ಲ. ಅಮ್ಮ ಬೇಕಿತ್ತು, ಅಷ್ಟೇ.

ಅಮ್ಮ ಅಂದರೆ ಅವನಿಗೆ ಎಲ್ಲವೂ. ಅದು ಬರೀ ಪ್ರೀತಿಯ ಮಾತಲ್ಲ. ಅಯ್ಮನಂ ಮನೆಯಲ್ಲಿ ಅಮ್ಮುಗೆ ಕೂರಲು ಜಾಗ ಇತ್ತೇ ಹೊರತು ಹಕ್ಕು ಇರಲಿಲ್ಲ. ಅದನ್ನು ಮಕ್ಕಳಿಗೆ ಮತ್ತೆ ಮತ್ತೆ ನೆನಪಿಸಿರುತ್ತಾರೆ. ತಿರುವಾಂಕೂರಿನ ಕ್ರಿಶ್ಚಿಯನ್ ಉತ್ತರಾಧಿಕಾರದ 1916ರ ಕಾನೂನಿನ ಪ್ರಕಾರ, ಅಪ್ಪ ಉಯಿಲು ಬರೆಯದೆ ಸತ್ತರೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ 1986ರಲ್ಲಿ ಗೆದ್ದವರು ಮೇರಿ ರಾಯ್, ಈ ಲೇಖಕಿಯ ತಾಯಿ. ಕಾದಂಬರಿಯ ಅಮ್ಮು ಅದಕ್ಕೂ ಎಷ್ಟೋ ಮೊದಲಿನವಳು. ಅಮ್ಮ ಜೈಲಿಗೆ ಹೋದರೆ ತಾವು ಎಲ್ಲಿರಬೇಕು? ಬೇಬಿ ಕೊಚ್ಚಮ್ಮನ ಬೆದರಿಕೆ ಆ ಮಕ್ಕಳ ಮೇಲೆ ಅಷ್ಟು ಬೇಗ ಕೆಲಸ ಮಾಡಿದ್ದು ಅದಕ್ಕೇ. ಆ ಮನೆ ಅವರ ಮನೆ ಆಗಿದ್ದರೆ, ಬಹುಶಃ ಎಸ್ತಾ ಅಷ್ಟು ಹೆದರುತ್ತಿರಲಿಲ್ಲ.

ನಾವು ಪುಣ್ಯಕೋಟಿಯ ಹಾಡು ಕೇಳಿ ಬೆಳೆದವರು. ಆ ಹಸುವಿಗೆ ಸತ್ಯವೇ ತಾಯಿ, ಸತ್ಯವೇ ತಂದೆ. ಎಸ್ತಾನ ಸಂಕಟ ನನಗೆ ಸರಿಯಾಗಿ ಅರ್ಥವಾಗಿದ್ದು ಆ ಹಾಡಿನ ಪಕ್ಕದಲ್ಲಿ ಇಟ್ಟು ನೋಡಿದಾಗ. ಅವನ ಮುಂದೆ ಸತ್ಯವನ್ನೂ ತಾಯಿಯನ್ನೂ ಬೇರೆ ಬೇರೆ ಮಾಡಿ ಇಟ್ಟರು. ಎರಡರಲ್ಲಿ ಒಂದನ್ನು ತಗೋ ಅಂದರು. ಪುಣ್ಯಕೋಟಿ ಮಾತು ಉಳಿಸಿಕೊಂಡು ಬಂದಾಗ ಎದುರಿಗಿದ್ದ ಹುಲಿಗೆ ನಾಚಿಕೆ ಇತ್ತು, ಅದಕ್ಕೇ ಆ ಸತ್ಯ ಗೆದ್ದಿತು. ಕೊಟ್ಟಾಯಂ ಠಾಣೆಯಲ್ಲಿ ನಾಚಿಕೆಯಿದ್ದವರು ಯಾರೂ ಇರಲಿಲ್ಲ. ಎಸ್ತಾ ನಿಜವನ್ನೇ ಹೇಳಿದ್ದರೂ ಅದನ್ನು ತಗೊಳ್ಳುವ ಕೈ ಅಲ್ಲಿರಲಿಲ್ಲ.

ಇಷ್ಟೆಲ್ಲ ಹೇಳಿದರೂ ನಾನು ಅವನ ಮೇಲಿನ ಸಿಟ್ಟನ್ನು ಪೂರ್ತಿ ಬಿಟ್ಟಿಲ್ಲ. ಬಿಡಬಾರದು ಅಂತಲೇ ಅನ್ನಿಸುತ್ತೆ. 'ಮಗು, ಬಿಟ್ಟುಬಿಡಿ' ಅಂದುಬಿಟ್ಟರೆ ವೆಳುತ್ತನ ಲೆಕ್ಕ ಎಲ್ಲಿ ಬರೆಯುವುದು? ಅವನ ಪ್ರಾಣಕ್ಕೂ ಹೆಸರಿಗೂ ಆದದ್ದು ಆಗಿಯೇ ಹೋಯಿತು. ಮಾಡಿದವನು ನಿಷ್ಪಾಪಿ ಅಂದ ಮಾತ್ರಕ್ಕೆ ಆದ ಹಾನಿ ಕಡಿಮೆಯಾಗುವುದಿಲ್ಲ. ಇದನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವನು ಎಸ್ತಾ. ಅವನನ್ನು ಕಲ್ಕತ್ತೆಗೆ, ಅಪ್ಪನ ಹತ್ತಿರ ಕಳಿಸುತ್ತಾರೆ. ಅಲ್ಲಿ ನಿಧಾನವಾಗಿ ಅವನ ಮಾತು ನಿಂತುಹೋಗುತ್ತೆ. ಗಲಾಟೆಯಿಲ್ಲದೆ, ಯಾರಿಗೂ ಗೊತ್ತಾಗದ ಹಾಗೆ. 23 ವರ್ಷ ಕಳೆದು ಅಯ್ಮನಂಗೆ ವಾಪಸ್ ಬಂದಾಗಲೂ ಅವನು ಮಾತಾಡುವುದಿಲ್ಲ.

ಈ ಮೌನವನ್ನು ಅವನು ತನಗೆ ಕೊಟ್ಟುಕೊಂಡ ಶಿಕ್ಷೆ ಅನ್ನುವವರಿದ್ದಾರೆ. ನಾನು ಬೇರೆ ರೀತಿ ಓದುತ್ತೇನೆ. ಅವನ ಬಾಯಿಯನ್ನು ಬೇರೆಯವರು ಒಮ್ಮೆ ತಮ್ಮ ಕೆಲಸಕ್ಕೆ ಬಳಸಿಕೊಂಡರು. ಇನ್ನೊಮ್ಮೆ ಯಾರ ಕೈಗೂ ಅದನ್ನು ಕೊಡುವುದಿಲ್ಲ ಅಂತ ಅವನು ತೀರ್ಮಾನ ಮಾಡಿದ್ದಾನೆ. ಇಡೀ ಕಾದಂಬರಿಯಲ್ಲಿ ಅವನು ಸ್ವಂತವಾಗಿ ಮಾಡಿದ ದೊಡ್ಡ ತೀರ್ಮಾನ ಅದೊಂದೇ ಅನ್ನಿಸುತ್ತೆ ನನಗೆ.

ಈ ಪುಸ್ತಕದಲ್ಲಿ ಪಾಪಪ್ರಜ್ಞೆ ಬರೀ ತಪ್ಪು ವಿಳಾಸಕ್ಕೇ ಹೋಗಿ ಸೇರುತ್ತೆ. ಠಾಣೆಯಿಂದ ವಾಪಸ್ ಬರುವಾಗ ಅಮ್ಮು, ಅವನನ್ನು ನಾನೇ ಕೊಂದೆ ಅಂತ ಗೊಣಗುತ್ತಾಳೆ. 31ನೇ ವಯಸ್ಸಿಗೆ, ಆಲಪ್ಪುಳದ ಒಂದು ಲಾಡ್ಜಿನ ಕೋಣೆಯಲ್ಲಿ ಒಬ್ಬಳೇ ಸಾಯುತ್ತಾಳೆ. ಎಸ್ತಾ ಮಾತು ಬಿಡುತ್ತಾನೆ. ರಾಹೇಲ್ ಎಲ್ಲೂ ನೆಲೆ ನಿಲ್ಲುವುದಿಲ್ಲ. ಬೇಬಿ ಕೊಚ್ಚಮ್ಮ ಮಾತ್ರ 83ನೇ ವಯಸ್ಸಿನಲ್ಲಿ ಅದೇ ಮನೆಯಲ್ಲಿ, ಛಾವಣಿಗೆ ಡಿಶ್ ಆಂಟೆನಾ ಹಾಕಿಸಿಕೊಂಡು ಟಿವಿ ನೋಡುತ್ತಿರುತ್ತಾಳೆ. ಅವಳಿಗಾದರೂ ಕಾದಂಬರಿ ಸ್ವಲ್ಪ ಭಯ ಕೊಡುತ್ತೆ, ಯಾರೋ ಬಂದು ಇರುವುದನ್ನೆಲ್ಲ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ಇನ್‌ಸ್ಪೆಕ್ಟರ್ ಥಾಮಸ್ ಮ್ಯಾಥ್ಯೂಗೆ ಅದೂ ಇಲ್ಲ. ಅವನಿಗೆ ಎಲ್ಲ ಗೊತ್ತಿತ್ತು. ಅವನನ್ನು ಯಾರೂ ಹೆದರಿಸಿರಲಿಲ್ಲ. ಅವನ ಅಮ್ಮನನ್ನು ಯಾರೂ ಜೈಲಿಗೆ ಹಾಕುತ್ತೇವೆ ಅಂದಿರಲಿಲ್ಲ. ಎಸ್ತಾನ ಹಿಂದೆ 23 ವರ್ಷ ನಡೆದ ಕಾದಂಬರಿ ಅವನ ಹಿಂದೆ ಒಂದು ಹೆಜ್ಜೆಯೂ ಹೋಗುವುದಿಲ್ಲ. ನಿಜ ಜೀವನದಲ್ಲೂ ಹಾಗೇ ಅಂತ ಹೇಳಿ ಇದನ್ನು ಸಮರ್ಥಿಸಬಹುದು. ನನಗೆ ಒಪ್ಪಿಗೆಯಿಲ್ಲ. ಆ ಮನುಷ್ಯ ರಾತ್ರಿ ಮನೆಗೆ ಹೋಗಿ ಊಟಕ್ಕೆ ಕೂತಾಗ ತನ್ನ ಮಕ್ಕಳ ಮುಖ ಹೇಗೆ ನೋಡಿದ ಅಂತ ನಾನು ಓದಬೇಕಿತ್ತು.